ಜಟಾಯುವಿನ ಕುಲ: ಕುಣಿತ, ತೊಗಲುಗೊಂಬೆ, ಸಿನಿಮಾದಲ್ಲಿ ರಣಹದ್ದು

ಕನ್ನಡದಲ್ಲಿ ರಣಹದ್ದು, ತೆಲುಗಿನಲ್ಲಿ ರಾಬಂದು. ಡಿ. ಹಿರೇಹಾಳ್, ರಾಯದುರ್ಗ, ಮಡಕಶಿರಾ ಭಾಗದ ಹಳ್ಳಿಗಳಲ್ಲಿ ಈ ಎರಡೂ ಹೆಸರು ಗೊತ್ತಿರುವವರಿದ್ದಾರೆ. ಆದರೆ ಹಕ್ಕಿಯನ್ನೇ ಕಣ್ಣಾರೆ ಕಂಡ ಎಳೆಯರು ಅಪರೂಪ. ಅಳಿವಿನ ಅಂಚಿಗೆ ಬಂದಿರುವ ಈ ಬೇಟೆಹಕ್ಕಿಗಳ ಬಳಗವನ್ನು ಜನರ ನೆನಪಿನಲ್ಲಿ ಉಳಿಸಿರುವುದರಲ್ಲಿ ಆಟ, ಕುಣಿತ ಮತ್ತು ಸಿನಿಮಾದ ಪಾಲು ದೊಡ್ಡದು.

ರಾಮಾಯಣದ ಜಟಾಯು ಹದ್ದುಗಳ ರಾಜ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನೊಂದಿಗೆ ಹೋರಾಡಿ ರೆಕ್ಕೆ ಕಡಿದು ಬಿದ್ದದ್ದು ಲೇಪಾಕ್ಷಿಯಲ್ಲಿ ಎಂಬುದು ಸ್ಥಳಪುರಾಣ. ರಾಮ ಬಂದು ತೆಲುಗಿನಲ್ಲಿ 'ಲೇ ಪಕ್ಷಿ' (ಏಳು ಹಕ್ಕಿಯೇ) ಅಂದದ್ದರಿಂದ ಊರಿಗೆ ಆ ಹೆಸರು ಬಂತು ಎನ್ನುತ್ತಾರೆ. ಕೇರಳದ ಚಡಯಮಂಗಲದವರೂ ಜಟಾಯು ತಮ್ಮ ಬಂಡೆಯ ಮೇಲೆಯೇ ಬಿದ್ದದ್ದು ಎಂದು ನಂಬುತ್ತಾರೆ. ಅಲ್ಲಿ 200 ಅಡಿ ಉದ್ದದ ಜಟಾಯು ಶಿಲ್ಪ 2018ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಲೇಪಾಕ್ಷಿಯ 16ನೇ ಶತಮಾನದ ವೀರಭದ್ರ ದೇಗುಲದ ನಾಟ್ಯಮಂಟಪದಲ್ಲಿ ರಂಭೆ ಕುಣಿಯುತ್ತಾಳೆ, ತುಂಬುರ ವೀಣೆ ಹಿಡಿದಿದ್ದಾನೆ. ಈ ಊರು ಮತ್ತು ಮಡಕಶಿರಾ ಎರಡೂ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ.

ಭರತನಾಟ್ಯದಲ್ಲಿ ಎರಡು ಹೆಬ್ಬೆರಳು ಹೆಣೆದು ಬೆರಳುಗಳನ್ನು ರೆಕ್ಕೆಯಂತೆ ಅಲುಗಿಸಿದರೆ ಗರುಡ ಹಸ್ತ. ಯಕ್ಷಗಾನದಲ್ಲಿ 'ಜಟಾಯು ಮೋಕ್ಷ' ಪ್ರಸಂಗ ಇಂದಿಗೂ ನಡೆಯುತ್ತದೆ. ಧರ್ಮಾವರಂ ಬಳಿಯ ನಿಮ್ಮಲಕುಂಟ ತೊಗಲುಗೊಂಬೆಗಳಿಗೆ ಹೆಸರಾದ ಊರು. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಗಡಿಯಾಚೆ ಬಳ್ಳಾರಿಯಲ್ಲಿ, 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣ ಅವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನೇ ತೊಗಲುಗೊಂಬೆಗೆ ತಂದಿದ್ದರು. ಗಾಂಧೀಜಿಯನ್ನು ಕುಣಿಸಿದ ಪರದೆಗೆ ಸಾಯುತ್ತಿರುವ ಹದ್ದಿನ ಕಥೆ ಹೊಸತೇನೂ ಆಗಲಾರದು. ತೊಡಕು ಬೇರೆಯೇ ಇದೆ. ಪರದೆಯ ಮೇಲಿನ ಜಟಾಯುವಿಗೆ ಕೈಮುಗಿಯುವವರೇ ಹೆಣ ತಿನ್ನುವ ಹಕ್ಕಿ ಅಪಶಕುನ ಎಂದು ಮುಖ ತಿರುಗಿಸುತ್ತಾರೆ.

ಸಿನಿಮಾದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 1975ರಲ್ಲಿ ತೆರೆಕಂಡ 'ಶೋಲೆ' ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ಗಬ್ಬರ್ ಸಿಂಗ್ ನೆನಪಾದಷ್ಟು ಅಲ್ಲಿನ ರಾಮದೇವರ ಬೆಟ್ಟದಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ಯಾರಿಗೂ ನೆನಪಾಗಲಿಲ್ಲ. ಆ ಬೆಟ್ಟ ರಣಹದ್ದು ವನ್ಯಧಾಮವಾದದ್ದು 2012ರಲ್ಲಿ. ಹಕ್ಕಿಯನ್ನೇ ವಿಷಯವಾಗಿಸಿಕೊಂಡದ್ದು ಮೈಕ್ ಪಾಂಡೆ ಅವರ 'ಬ್ರೋಕನ್ ವಿಂಗ್ಸ್' ಸಾಕ್ಷ್ಯಚಿತ್ರ. ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' (2022) ದೆಹಲಿಯಲ್ಲಿ ಗಾಯಗೊಂಡ ಹದ್ದುಗಳಿಗೆ ಆರೈಕೆ ಮಾಡುವ ಅಣ್ಣತಮ್ಮಂದಿರ ಕಥೆ. ಕಾನ್ ಉತ್ಸವದಲ್ಲಿ ಪ್ರಶಸ್ತಿ ಗೆದ್ದು ಆಸ್ಕರ್‌ಗೂ ನಾಮಕರಣಗೊಂಡಿತು. ಅದರಲ್ಲಿನ ಕರಿಹದ್ದು ಅಳಿವಿನಂಚಿನ ಹಕ್ಕಿಯಲ್ಲ. ಆದರೂ ಗಾಳಿಪಟದ ಮಾಂಜಾ ದಾರ ರೆಕ್ಕೆಯನ್ನು ಹೇಗೆ ಕೊಯ್ಯುತ್ತದೆ ಎಂಬುದನ್ನು ಭಾಷಣಕ್ಕಿಂತ ಚೆನ್ನಾಗಿ ಅದು ತಿಳಿಸುತ್ತದೆ.

ರಣಹದ್ದುಗಳು ಸತ್ತದ್ದು ಬೇಟೆಯಿಂದಲ್ಲ, ದನದ ಔಷಧಿಯಿಂದ. ನೋವು, ಜ್ವರಕ್ಕೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಯ ಮೂತ್ರಪಿಂಡ ಕೆಡುತ್ತದೆ. ಕೆಲವೇ ದಿನಗಳಲ್ಲಿ ಸಾವು. ಇದು 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ ಖಚಿತವಾಯಿತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1992ರಿಂದ 2007ರ ನಡುವೆ ಶೇ. 99ಕ್ಕೂ ಹೆಚ್ಚು ಕುಸಿದಿತ್ತು. ನೂರು ಕಳೇಬರಗಳಲ್ಲಿ ಒಂದರಲ್ಲಿ ಈ ಔಷಧಿ ಇದ್ದರೂ ಇಡೀ ಸಂತತಿ ಕುಸಿಯಲು ಸಾಕು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಹಾಗಾಗಿ ನಷ್ಟ ಬೇಗ ತುಂಬುವುದಿಲ್ಲ.

ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು ಕೇಂದ್ರ ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರ ಔಷಧಿಯ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನೂ ಕಡಿಮೆ ಮಾಡಲಾಯಿತು. ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ನಿಷೇಧವಾದದ್ದು 2023ರಲ್ಲಿ. ಹದ್ದಿಗೆ ತೊಂದರೆ ಕೊಡದ ಮೆಲಾಕ್ಸಿಕಾಮ್ ಪಶು ಔಷಧಿಯಾಗಿ ಸಿಗುತ್ತದೆ. ಕುಂಟುವ ಎತ್ತಿಗೆ ಸೂಜಿ ಹಾಕಿಸುವಾಗ ಯಾವ ಔಷಧಿ ಎಂದು ರೈತರು ಕೇಳಬಹುದು. ಈ ಪ್ರಶ್ನೆ ಕೇಳಲು ಆಂಧ್ರ, ಕರ್ನಾಟಕ ಎಂಬ ಗಡಿಯೇನೂ ಅಡ್ಡಬರುವುದಿಲ್ಲ.