ಕಾಯಸಿದ್ಧಿ ಮತ್ತು ಕಾಯಪಾಲನೆ

ಶ್ರೀಶೈಲದಲ್ಲಿ ಅಲ್ಲಮಪ್ರಭುವಿಗೂ ಗೋರಕ್ಷನಿಗೂ ನಡೆದ ಮುಖಾಮುಖಿಯು ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ಸುಪರಿಚಿತವಾದುದು. ಯೋಗಬಲದಿಂದ ವಜ್ರಕಾಯನಾದ ಗೋರಕ್ಷನ ಮೈಗೆ ಖಡ್ಗದ ಏಟು ಬಿದ್ದಾಗ ಲೋಹದಂತೆ ಸದ್ದಾಯಿತು. ಪ್ರಭುವಿನ ಮೈಯಲ್ಲಾದರೋ ಖಡ್ಗವು ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಹರಿಹರನ ರಗಳೆಯಲ್ಲಿ ಈ ಪ್ರಸಂಗವಿಲ್ಲ. ಅವನ ಲಕ್ಷ್ಯವೆಲ್ಲ ಕಮಲತೆಯ ವಿರಹದಲ್ಲಿ, ಅನಿಮಿಷನ ದರ್ಶನದಲ್ಲಿ. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅದು ಕಾವ್ಯರೂಪವನ್ನು ತಳೆಯಿತು, ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿ ವಚನಗಳ ಸಂವಾದವಾಗಿ ಬೆಳೆಯಿತು.

ಈ ಕಥೆಯನ್ನು ಓದಿ, ಶರಣರು ಶರೀರವನ್ನೂ ಯೋಗಾಭ್ಯಾಸವನ್ನೂ ತುಚ್ಛವೆಂದು ತಳ್ಳಿದರೆಂದು ತೀರ್ಮಾನಿಸುವವರುಂಟು. ಇದು ಅವಸರದ ಓದು. ಪ್ರಭುವು ಪ್ರಶ್ನಿಸಿದ್ದು ಕಾಯದ ಪಾಲನೆಯನ್ನಲ್ಲ, ಕಾಯವನ್ನು ಅಳಿವಿಲ್ಲದಂತೆ ಮಾಡಿಕೊಂಡೆನೆಂಬ ಹಮ್ಮನ್ನು. ದುಡಿಮೆಗೆ ‘ಕಾಯಕ’ವೆಂದು ಹೆಸರಿಟ್ಟು, ಅಂಗದ ಮೇಲೆ ಲಿಂಗವನ್ನು ಧರಿಸಿದ ಜನರು ಅಂಗವನ್ನು ಹಳಿಯುವುದಾದರೂ ಹೇಗೆ?

ಯೋಗಿಗಳ ಕಡೆಯಿಂದಲೂ ಒಂದು ಸಾಕ್ಷ್ಯವುಂಟು. ಸ್ವಾತ್ಮಾರಾಮನ ‘ಹಠಯೋಗಪ್ರದೀಪಿಕೆ’ಯೂ 15ನೆಯ ಶತಮಾನದ್ದೇ. ಅದರ ಪ್ರಥಮೋಪದೇಶದಲ್ಲಿ ಬರುವ ಮಹಾಸಿದ್ಧರ ಸಾಲಿನಲ್ಲಿ ಗೋರಕ್ಷನೊಡನೆ ಅಲ್ಲಮ ಪ್ರಭುದೇವನ ಹೆಸರೂ ಇದೆ. ಹಠಯೋಗದಿಂದ ಮೃತ್ಯುವನ್ನು ಗೆದ್ದವರೆಂದು ಅವರನ್ನೆಲ್ಲ ಒಟ್ಟಾಗಿ ಕೊಂಡಾಡಲಾಗಿದೆ. ಯಾವ ಸಿದ್ಧಿಯನ್ನು ಪ್ರಭುವು ಅಲ್ಲಗಳೆದನೆಂದು ಕನ್ನಡ ಕವಿಗಳು ಹಾಡಿದರೋ ಅದೇ ಸಿದ್ಧಿಯನ್ನು ಸಂಸ್ಕೃತ ಗ್ರಂಥವು ಅವನಿಗೆ ಆರೋಪಿಸಿದೆ! ಯೋಗಿಗಳಿಗೆ ಅವನು ಪರಕೀಯನಾಗಿರಲಿಲ್ಲವೆಂಬುದಂತೂ ಸ್ಪಷ್ಟ.

ಹಠವೆಂದೊಡನೆ ಮೈದಂಡನೆಯ ಕಲ್ಪನೆ ಬರುವುದು ಸಹಜ. ಆದರೆ ಆ ಗ್ರಂಥದ ವಿಧಿಗಳನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅತಿಯಾದ ಊಟ, ಅತಿಯಾದ ಶ್ರಮ, ಅತಿಯಾದ ಮಾತು ಯೋಗವನ್ನು ಕೆಡಿಸುವುವೆಂದು ಅದು ಎಚ್ಚರಿಸುತ್ತದೆ. ಹೊಟ್ಟೆಯ ಕಾಲುಭಾಗವನ್ನು ಬರಿದಾಗಿ ಬಿಟ್ಟು ಉಣ್ಣಬೇಕು. ಉಪವಾಸವೇ ಮೊದಲಾದ ಕಾಯಕ್ಲೇಶಗಳನ್ನು ಅಭ್ಯಾಸಿಯು ತೊರೆಯಬೇಕು. ಧೌತಿ, ಬಸ್ತಿ ಮೊದಲಾದ ಷಟ್ಕರ್ಮಗಳು ಕೂಡ ಎಲ್ಲರಿಗಲ್ಲ. ಮೇದಸ್ಸು, ಶ್ಲೇಷ್ಮಗಳು ಹೆಚ್ಚಿದವರಿಗೆ ಮಾತ್ರ. ಪ್ರಾಣಾಯಾಮವನ್ನು ಕಾಡುಮೃಗವನ್ನು ಪಳಗಿಸುವಂತೆ ಮೆಲ್ಲಮೆಲ್ಲನೆ ಸಾಧಿಸಬೇಕು. ತಪ್ಪಿದರೆ ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವುಗಳು ಬರುತ್ತವೆ. ದಣಿವಾರಿಸಲು ಶವಾಸನವಿದೆ. ವಜ್ರಕಾಯದ ಆಸೆಯನ್ನು ಬದಿಗಿಟ್ಟು ನೋಡಿದರೆ ಇದೆಲ್ಲ ಮೈಯ ಸಹಜಸ್ಥಿತಿಯನ್ನು ಕಾಯುವ ಹದವೇ ಹೊರತು ಮೈಯೊಡನೆ ಹೂಡಿದ ಯುದ್ಧವಲ್ಲ.

ಪಥ್ಯದ ವಿಚಾರದಲ್ಲಿ ಮಾತ್ರ ಅದು ಕೊಂಚ ಬಿಗಿ. ಗೋಧಿ, ಅಕ್ಕಿ, ಜವೆ, ಹಾಲು, ತುಪ್ಪ, ಹೆಸರುಗಳನ್ನು ಒಪ್ಪುವ ಸ್ವಾತ್ಮಾರಾಮನು ಹುರುಳಿ, ಮಜ್ಜಿಗೆ, ಬೆಳ್ಳುಳ್ಳಿಗಳನ್ನು ನಿಷೇಧಿಸುತ್ತಾನೆ. ಕುಟೀರದಲ್ಲಿ ಏಕಾಂತವಾಗಿ ಕುಳಿತ ಸಾಧಕನಿಗೆ ಅದು ಒಗ್ಗಬಹುದು. ಹಗಲೆಲ್ಲ ನೇಗಿಲು ಹಿಡಿಯುವ ಕಾಯಕಜೀವಿಗೆ ಹುರುಳಿ, ಮಜ್ಜಿಗೆಗಳನ್ನು ಬಿಡೆಂದರೆ ಅವನು ಉಣ್ಣುವುದಾದರೂ ಏನನ್ನು?