ಸೂಜಿ, ಬರೆ, ಲೋಳೆಸರ: ಚಿನ್ನದ ಗಣಿನಾಡಿನ ಸುತ್ತ ಪಶುವೈದ್ಯದ ಹಾದಿ

ಕೋಲಾರದ ಚಿನ್ನದ ಗಣಿಗಳು ಬಾಗಿಲು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅದೇ ವರ್ಷ ಫಿನ್‌ಲ್ಯಾಂಡಿನ ಪಶುವೈದ್ಯರ ತಂಡವೊಂದು ಚಿನ್ನದ ಬೇರೊಂದು ಬಳಕೆಯನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ಸೊಂಟದ ಕೀಲು ಸವೆದು ಕುಂಟುತ್ತಿದ್ದ 38 ನಾಯಿಗಳಲ್ಲಿ ಅರ್ಧಕ್ಕೆ ಅಕ್ಯುಪಂಕ್ಚರ್ ಬಿಂದುಗಳಲ್ಲಿ ಚಿನ್ನದ ತಂತಿಯ ಚೂರುಗಳನ್ನು ಹುದುಗಿಸಿದರು. ಉಳಿದವಕ್ಕೆ ಬೇರೆ ಜಾಗದಲ್ಲಿ ಬರೀ ಸೂಜಿ ಚುಚ್ಚಿದರು. ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ತೆರನಾಗಿ ಚೇತರಿಸಿಕೊಂಡವು. 2006ರಲ್ಲಿ ನಾರ್ವೆಯವರು ಪ್ರಕಟಿಸಿದ, 78 ನಾಯಿಗಳ ಮೇಲಿನ ಇಂಥದೇ ಪರೀಕ್ಷೆಯಲ್ಲಿ ಚಿನ್ನ ಪಡೆದ ನಾಯಿಗಳ ನೋವು ಕಡಿಮೆಯಾದದ್ದು ಕಂಡುಬಂತು. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆಯುತ್ತಿದ್ದ ಲೋಹ ನಾಯಿಯ ಕೀಲಿಗೆ ಔಷಧವೇ ಎಂಬ ಪ್ರಶ್ನೆ ಹೀಗೆ ಅರ್ಧಕ್ಕೇ ನಿಂತಿದೆ.

ಪ್ರಾಣಿಗಳ ಸೂಜಿ ಚಿಕಿತ್ಸೆಯ ಬೇರು ಚೀನಾದಲ್ಲಿದೆ. ಅಲ್ಲಿ ಅದರ ಮುಖ್ಯ ರೋಗಿ ಕುದುರೆ. 1608ರಲ್ಲಿ ಯು ಮನೆತನದ ಸೋದರರಿಬ್ಬರು ರಚಿಸಿದ ಅಶ್ವಚಿಕಿತ್ಸೆಯ ಗ್ರಂಥ ಈ ವಿದ್ಯೆಯ ದೊಡ್ಡ ಆಧಾರ. ನಾಯಿಯ ಮೈಮೇಲೆ ಇಂದು ಗುರುತಿಸುವ ಬಿಂದುಗಳಲ್ಲಿ ಬಹುಪಾಲು ಅಷ್ಟು ಹಳೆಯವಲ್ಲ. ಮನುಷ್ಯನ ದೇಹದ ನಕ್ಷೆಯನ್ನು 20ನೇ ಶತಮಾನದಲ್ಲಿ ನಾಯಿಗೆ ಹೊಂದಿಸಿಕೊಂಡದ್ದು. ಪಶುವೈದ್ಯ ಅಕ್ಯುಪಂಕ್ಚರ್‌ನ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1974ರಲ್ಲಿ. ಸಾವಿರಾರು ವರ್ಷಗಳ ಹೆಸರು ಹೇಳಿ ನಾಯಿಗೆ ಸೂಜಿ ಹಾಕುವವರು ಈ ವ್ಯತ್ಯಾಸವನ್ನು ಸಾಕಿದವರಿಗೆ ಬಿಡಿಸಿ ಹೇಳುವುದು ನ್ಯಾಯ.

ಗಣಿಗಳ ನೆರೆಯ ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಿಗೆ ಪರಿಚಿತವಾದದ್ದು ಸೂಜಿಯಲ್ಲ, ಬರೆ. ಎತ್ತಿನ ಹೆಗಲು ಊದಿದರೆ, ಕಾಲು ಹಿಡಿದುಕೊಂಡರೆ ಕಾಯಿಸಿದ ಕಬ್ಬಿಣದಿಂದ ಗೊತ್ತಾದ ಜಾಗದಲ್ಲಿ ಗೆರೆ ಎಳೆಯುತ್ತಿದ್ದರು. ಶಿವರಾತ್ರಿಗೆ ಆವಣಿಯಲ್ಲಿ ನಡೆಯುವ ದನಗಳ ಪರಿಷೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ಬರೆಯ ಗುರುತನ್ನೂ ಓದಬಲ್ಲ. ಅದು ದನದ ಹಳೆಯ ಕಾಯಿಲೆಯ ದಾಖಲೆ. ಬರೆ ಹಾಕುವುದನ್ನು ಹಳ್ಳಿಯ ಮೌಢ್ಯವೆಂದಷ್ಟೇ ಬರೆದರೆ ಇತಿಹಾಸ ಅರ್ಧವಾಗುತ್ತದೆ. ಗಣಿಗಳನ್ನು ನಡೆಸುತ್ತಿದ್ದ ಆಂಗ್ಲರ ದೇಶದಲ್ಲೂ ಕುದುರೆಯ ಕಾಲಿನ ಸ್ನಾಯುರಜ್ಜು ಊದಿದಾಗ ಕಾದ ಕಬ್ಬಿಣದಿಂದ ಸುಡುವುದು 20ನೇ ಶತಮಾನದವರೆಗೂ ಓದಿದ ವೈದ್ಯರೇ ಮಾಡುತ್ತಿದ್ದ ಚಿಕಿತ್ಸೆ. ಎರಡೂ ಕಡೆ ನೋವುಂಡದ್ದು ಮಾತ್ರ ಮೂಕಪ್ರಾಣಿ.

ಬರೆಗಿಂತ ಬೆಲೆಬಾಳುವ ಪರಂಪರೆ ಬೇರೆಯೇ ಇದೆ. ಸುಮಾರು 1125ರಲ್ಲಿ ಚಾಳುಕ್ಯ ರಾಜಕುಮಾರ ಕೀರ್ತಿವರ್ಮ ‘ಗೋವೈದ್ಯ’ ಬರೆದ. ದನದ ಕಾಯಿಲೆಗಳ ಮೇಲೆ ಕನ್ನಡದಲ್ಲಿ ಹುಟ್ಟಿದ ಮೊದಲ ಗ್ರಂಥ ಇದು. ಅದರಲ್ಲಿ ಮದ್ದಿನ ಪಕ್ಕದಲ್ಲೇ ಮಂತ್ರವೂ ಇದೆ. ಅರಮನೆಯಲ್ಲಿ ಬೆಳೆದವನೊಬ್ಬ ಕೊಟ್ಟಿಗೆಯ ವಿಷಯವನ್ನು ಸಂಸ್ಕೃತದಲ್ಲಿ ಬರೆಯದೆ ದನ ಕಾಯುವವರ ಮಾತಿನಲ್ಲೇ ಬರೆಯಬೇಕೆಂದು ನಿಶ್ಚಯಿಸಿದ್ದು ಸಣ್ಣ ಸಂಗತಿಯಲ್ಲ. ಪುಸ್ತಕ ತಲುಪದ ಕಡೆ ಬಿದಿರಿನ ಗೊಟ್ಟ ತಲುಪಿತ್ತು: ದನದ ತಲೆ ಎತ್ತಿಹಿಡಿದು, ಕಷಾಯವನ್ನು ಗೊಟ್ಟದಲ್ಲಿ ತುಂಬಿ ಗಂಟಲಿಗೆ ಇಳಿಸುವುದನ್ನು ಮನೆಮನೆಯಲ್ಲೂ ಬಲ್ಲವರಿದ್ದರು.

ದೊಡ್ಡರೋಗದ ಮುಂದೆ ಮಾತ್ರ ಗೊಟ್ಟವೂ ಬರೆಯೂ ಸೋತವು. ಊರಿನ ದನಗಳನ್ನು ಸಾಲಾಗಿ ಮಲಗಿಸುತ್ತಿದ್ದ ಆ ಪಿಡುಗಿಗೆ ತಡೆ ಹಾಕಲು 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಸಂಸ್ಥೆ ತೆರೆಯಿತು. ಮುಂದೆ ಲಸಿಕೆಯ ಬಲದಿಂದಲೇ 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವಾಯಿತೆಂಬ ಘೋಷಣೆ ಹೊರಬಿತ್ತು. ನಾಟಿ ಔಷಧದ ಪರ ವಾದಿಸುವವರು ಈ ಅಧ್ಯಾಯವನ್ನು ಹಾರಿಸಿಕೊಂಡು ಹೋಗುವಂತಿಲ್ಲ.

ಆದರೂ ನಾಟಿ ಮದ್ದು ಇತ್ತೀಚೆಗೆ ಹಾಲಿನ ಡೇರಿಯ ದಾರಿಯಿಂದ ಮರಳಿ ಬಂದಿದೆ. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಅದರ ಅಂಶ ಹಾಲಿನಲ್ಲಿ ಉಳಿಯುತ್ತದೆ. ಅಷ್ಟು ದಿನದ ಹಾಲು ಚೆಲ್ಲಬೇಕು. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯ ಒರೆಗೆ ಹಚ್ಚಿ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಮದ್ದು ಸರಳವಾದದ್ದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಅರೆದರೆ ಅರಿಶಿನಕ್ಕೆ ಸುಣ್ಣ ತಾಗಿ ಓಕುಳಿಯ ಕೆಂಪು ಬರುತ್ತದೆ. ಕೆಚ್ಚಲು ತೊಳೆದು, ಹಾಲು ಹಿಂಡಿ ತೆಗೆದು, ದಿನಕ್ಕೆ ಹತ್ತು ಬಾರಿಯಂತೆ ಐದು ದಿನ ಹಚ್ಚಬೇಕು. ತಮಿಳು, ತೆಲುಗು, ಕನ್ನಡ ಮೂರೂ ಆಡುವ ಈ ಗಣಿನಾಡಿನಲ್ಲಿ ಲೋಳೆಸರ ಪಕ್ಕದ ಮನೆಯಲ್ಲಿ ಕಲಬಂದ, ಅದರಾಚೆ ಕಟ್ರಾಳೈ. ಗಿಡ ಬೇಲಿಯಲ್ಲೇ ಸಿಗುತ್ತದೆ.

ಹಸುವಿನ ಮದ್ದನ್ನು ನಾಯಿಗೆ ಹಚ್ಚಲು ಹೊರಟಾಗ ಎಡವಟ್ಟಾಗುತ್ತದೆ. ನಾಯಿ ಗಾಯವನ್ನು ನೆಕ್ಕುತ್ತದೆ. ಲೇಪದ ಸುಣ್ಣ ಅದರ ನಾಲಿಗೆಯನ್ನು ಸುಡಬಲ್ಲದು. ಕಾಲುಬಾಯಿ ಜ್ವರದ ಹುಣ್ಣಿಗೆ ದನಕ್ಕೆ ತಿನ್ನಿಸುವ ಉಂಡೆಯಲ್ಲಿ ಜೀರಿಗೆ, ಮೆಂತ್ಯ, ಮೆಣಸು, ಬೆಲ್ಲ, ಕೊಬ್ಬರಿಯ ಜೊತೆ ಬೆಳ್ಳುಳ್ಳಿಯೂ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿಗಂತೂ ಸ್ವಲ್ಪವೇ ಸಾಕು. ಮನುಷ್ಯರ ಜ್ವರದ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ವಿಷ. ಹುಚ್ಚುನಾಯಿ ರೋಗಕ್ಕೆ ಸೊಪ್ಪಿನ ರಸವಾಗಲಿ ಸೂಜಿಯಾಗಲಿ ಇಲ್ಲ, ಮುಂಚೆಯೇ ಹಾಕಿಸುವ ಲಸಿಕೆಯೊಂದೇ.

1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯ ಪ್ರಕಾರ ಪಶುಗಳಿಗೆ ವೈದ್ಯ ಮಾಡುವ ಹಕ್ಕು ನೋಂದಾಯಿತ ಪಶುವೈದ್ಯರದು. ಸೂಜಿ ಹಿಡಿಯುವವರಿಗೂ ಅದು ಅನ್ವಯಿಸುತ್ತದೆ. ಬೆನ್ನುನೋವಿನಿಂದ ಏಳಲಾಗದ ಮುದಿ ನಾಯಿಯನ್ನು ಅಂಥ ವೈದ್ಯರ ಬಳಿಗೆ ಒಯ್ದರೆ ಅವರು ಮೊದಲು ಎಕ್ಸ್‌ರೇ ತೆಗೆಸುತ್ತಾರೆ, ಬೆನ್ನುಹುರಿಯ ಮೇಲೆ ಒತ್ತಡವಿದೆಯೇ ಎಂದು ನೋಡುತ್ತಾರೆ, ನೋವಿನ ಮಾತ್ರೆಯ ಪ್ರಮಾಣ ತೂಕಕ್ಕೆ ತಕ್ಕಂತೆ ಗೊತ್ತುಮಾಡುತ್ತಾರೆ. ಸೂಜಿಯ ಮಾತು ಬರುವುದು ಅಷ್ಟರ ನಂತರ.