ಕರಾಚಿ–ಮದ್ರಾಸ್ ವಿಮಾನ, ಬಳ್ಳಾರಿ ಮಾರ್ಗವಾಗಿ

ಮುಂಬೈಯಿಂದ ಚೆನ್ನೈಗೆ ರೈಲು ಹಳಿಯ ದಾರಿ ಸುಮಾರು 1,280 ಕಿ.ಮೀ.; ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 1,040 ಕಿ.ಮೀ. ಈ ನೇರ ಗೆರೆಯ ಮೇಲೆ ವಿಮಾನ ಸಂಚಾರ ಆರಂಭವಾದದ್ದು ಪ್ರಯಾಣಿಕರಿಗಾಗಿ ಅಲ್ಲ, ಕಾಗದಪತ್ರಗಳಿಗಾಗಿ. 1929ರಿಂದ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಲಂಡನ್ನಿನ ಟಪಾಲನ್ನು ಕರಾಚಿಗೆ ತಲುಪಿಸುತ್ತಿದ್ದವು. ಅದನ್ನು ಅಲ್ಲಿಂದ ಮುಂಬೈಗೂ ಮದ್ರಾಸಿಗೂ ವಿಮಾನದಲ್ಲೇ ಒಯ್ಯುವ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್. ಅದನ್ನು ಕೈಗೆತ್ತಿಕೊಂಡವರು ಜೆ.ಆರ್.ಡಿ. ಟಾಟಾ.

1932ರ ಅಕ್ಟೋಬರ್ 15ರ ಬೆಳಗ್ಗೆ ಜೆ.ಆರ್.ಡಿ. ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಟಪಾಲು ಚೀಲಗಳನ್ನಿಟ್ಟುಕೊಂಡು ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಹೊರಟರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ; ನಕ್ಷೆ, ದಿಕ್ಸೂಚಿ ಮತ್ತು ಕೆಳಗೆ ಕಾಣುವ ನೆಲವೇ ದಾರಿತೋರುಕ. ಅಹಮದಾಬಾದಿನಲ್ಲಿ ಇಳಿದಾಗ ಇಂಧನದ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಅವುಗಳಿಂದ ಟ್ಯಾಂಕು ತುಂಬಿಸಿಕೊಂಡು ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅವರು ಮುಂಬೈಯ ಜುಹು ತಲುಪಿದರು. ಅಲ್ಲಿಂದ ಮುಂದಿನ ಹಾರಾಟ ವಿನ್ಸೆಂಟ್ ಅವರದು. ಅವರು ಬಳ್ಳಾರಿಯಲ್ಲಿ ಇಳಿದು, ರಾತ್ರಿ ತಂಗಿ, ಮರುದಿನ ಮದ್ರಾಸ್ ಸೇರಿದರು.

ಬಳ್ಳಾರಿ ಈ ಮಾರ್ಗಕ್ಕೆ ಎಷ್ಟು ಹೊಂದುತ್ತಿತ್ತೆಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಜುಹುವಿನಿಂದ ಬಳ್ಳಾರಿಗೆ ಆಕಾಶಮಾರ್ಗದಲ್ಲಿ ಸುಮಾರು 620 ಕಿ.ಮೀ., ಬಳ್ಳಾರಿಯಿಂದ ಮದ್ರಾಸಿಗೆ ಸುಮಾರು 430 ಕಿ.ಮೀ. ಎರಡನ್ನೂ ಕೂಡಿದರೂ ನೇರ ದೂರಕ್ಕಿಂತ ಹತ್ತಿಪ್ಪತ್ತು ಕಿ.ಮೀ.ಗಿಂತ ಹೆಚ್ಚಾಗುವುದಿಲ್ಲ. ಬಳ್ಳಾರಿ ಹೆಚ್ಚುಕಡಿಮೆ ಆ ಗೆರೆಯ ಮೇಲೆಯೇ ಇದೆ. ಇನ್ನು ಹೊತ್ತಿನ ಲೆಕ್ಕ. ಕರಾಚಿಯಿಂದ ಮದ್ರಾಸಿಗೆ ಈ ದಾರಿಯಲ್ಲಿ ಸುಮಾರು 2,080 ಕಿ.ಮೀ. ಪುಸ್ ಮಾತ್‌ನ ವೇಗ ಗಂಟೆಗೆ 170 ಕಿ.ಮೀ. ಆಸುಪಾಸು. ಎಲ್ಲಿಯೂ ನಿಲ್ಲದೆ ಹಾರಿದರೂ ಹನ್ನೆರಡು ಗಂಟೆ ಬೇಕು. ಅಕ್ಟೋಬರಿನ ಹಗಲು ಅಷ್ಟಕ್ಕೆ ಮುಗಿಯುತ್ತದೆ. ರಾತ್ರಿ ಹಾರಲು ದೀಪದ ವ್ಯವಸ್ಥೆ ಇರಲಿಲ್ಲ. ಬೆಳಗ್ಗೆ ಕರಾಚಿ ಬಿಟ್ಟ ಟಪಾಲಿಗೆ ಬಳ್ಳಾರಿಯ ಹೊತ್ತಿಗೆ ಸಂಜೆಯಾಗುತ್ತಿತ್ತು.

ಜುಹು ಆಗ ಮಣ್ಣಿನ ಬಯಲು. ಮಳೆಗಾಲದಲ್ಲಿ ಅದು ಕೆಸರಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ವಿಮಾನಗಳು ಪುಣೆಯಿಂದ ಹಾರುತ್ತಿದ್ದವು. ಇಷ್ಟಾದರೂ ಟಪಾಲು ಹೊತ್ತಿಗೆ ಸರಿಯಾಗಿ ತಲುಪುತ್ತಿತ್ತು. ಮೊದಲ ವರ್ಷದಲ್ಲಿ ಟಾಟಾ ವಿಮಾನಗಳು ಸುಮಾರು 1,60,000 ಮೈಲಿ ಹಾರಿ, ಟಪಾಲಿನ ಜೊತೆಗೆ 155 ಪ್ರಯಾಣಿಕರನ್ನೂ ಕರೆದೊಯ್ದವು. ಮುಂದೆ ಟಾಟಾದ ಈ ವಿಮಾನ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಪಡೆಯಿತು.

ಆ ಮೊದಲ ಹಾರಾಟದ ನೆನಪಿಗೆ ಜೆ.ಆರ್.ಡಿ. 1962ರಲ್ಲಿಯೂ, 78ನೆಯ ವಯಸ್ಸಿನಲ್ಲಿ 1982ರಲ್ಲಿಯೂ ಅದೇ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಪುಟ್ಟ ವಿಮಾನ ನಡೆಸಿಕೊಂಡು ಬಂದರು. ಇಂದು ಜೆಟ್ ವಿಮಾನ ಮುಂಬೈಯಿಂದ ಚೆನ್ನೈಗೆ ಎರಡು ಗಂಟೆಯ ಆಸುಪಾಸಿನಲ್ಲಿ ತಲುಪುತ್ತದೆ. ಇಂಧನಕ್ಕಾಗಿ ನಡುವೆ ಇಳಿಯಬೇಕಿಲ್ಲ, ಬೆಳಕಿಗೆ ಕಾಯಬೇಕಿಲ್ಲ. ದೂರ ಮಾತ್ರ 1932ರಲ್ಲಿ ಇದ್ದಷ್ಟೇ ಇದೆ.